ಒಂದು ಗೇಣಿನ ಸುರಂಗ

ನವುಲೆಯ ಎಂಜಿನಿಯರಿಂಗ್ ಕಾಲೇಜಿನ ಗೇಟಿನಿಂದ ಸವಳಂಗ ರಸ್ತೆಯಲ್ಲಿ ಅರ್ಧ ಕಿಲೋಮೀಟರ್ ನಡೆಯಿರಿ. ಹಳೇ ಮಾದರಿಯ ವೇಗವರ್ಧಕದಲ್ಲಿ ಒಂದು ಎಲೆಕ್ಟ್ರಾನಿಗೆ 780 ಕೋಟಿ ಎಲೆಕ್ಟ್ರಾನ್ ವೋಲ್ಟ್ ಕಸುವು ತುಂಬಲು ಹೆಚ್ಚುಕಡಿಮೆ ಅಷ್ಟು ದೂರ ಬೇಕು. ಅದನ್ನೇ 20 ಸೆಂಟಿಮೀಟರಿನಲ್ಲಿ ಸಾಧಿಸಿದ್ದಾಗಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ಪ್ರಯೋಗಾಲಯ 2019ರಲ್ಲಿ ಪ್ರಕಟಿಸಿತು. ಒಂದು ಗೇಣು, ಅಷ್ಟೇ!

ಆ ಗೇಣು ದಾಟುವುದೆಂದರೆ ಜೀವನ್ಮರಣದ ಓಟ. ನೀಲಮಣಿಯಲ್ಲಿ ಕೊರೆದ ಸುರಂಗ, ಅಗಲ ಒಂದು ಮಿಲಿಮೀಟರಿಗೂ ಕಮ್ಮಿ, ಒಳಗೆ ಹೈಡ್ರೋಜನ್. ವಿದ್ಯುತ್ ಹರಿದದ್ದೇ ತಡ, ಪರಮಾಣುಗಳು ಒಡೆದು ಪ್ಲಾಸ್ಮಾ. ಪುಟ್ಟ ಲೇಸರೊಂದು ನಟ್ಟನಡುವೆ ಕಾಯಿಸಿ ದಾರಿ ಬಿಡಿಸುತ್ತದೆ. ದಾರಿ ತಪ್ಪಿದರೆ ಹಿಂದೆ ಬರುವ ದೊಡ್ಡ ಲೇಸರ್ ಚದುರಿ, ಎಲ್ಲ ಅಲ್ಲಿಗೇ ಮುಗಿಯಿತು.

ಬಂತು! 850 ಲಕ್ಷ ಕೋಟಿ ವ್ಯಾಟ್, ಬರೀ 35 ಫೆಮ್ಟೋಸೆಕೆಂಡಿನ ಮಿಂಚು. ಎದುರಿದ್ದ ಎಲೆಕ್ಟ್ರಾನುಗಳು ದಿಕ್ಕಾಪಾಲು. ಭಾರದ ಅಯಾನುಗಳು ಕದಲುವುದಿಲ್ಲ, ಓಡಿದವರನ್ನು ಸೆಳೆಯುತ್ತವೆ. ತುಂಗೆಯಲ್ಲಿ ದೋಣಿಯ ಹಿಂದೆ ಏಳುವ ಹಾಗೆ ಬೆಳಕಿನ ಹಿಂದೆ ಅಲೆ ಏಳುತ್ತದೆ. ನಮ್ಮ ಎಲೆಕ್ಟ್ರಾನ್ ಅದರ ಇಳಿಜಾರು ಹಿಡಿಯಬೇಕು, ಈಗಲೇ! ತಡವಾದವರು ಗುಂಪಿನಲ್ಲೇ ಉಳಿದರು. ಹಿಡಿದದ್ದು ಮುನ್ನುಗ್ಗಿತು.

ಇಷ್ಟು ಬಲಕ್ಕೆ ಲೋಹದ ಕೊಳವೆಯಾಗಿದ್ದರೆ ಕಿಡಿ ಹಾರಿ ಕೆಡುತ್ತಿತ್ತು. ಪ್ಲಾಸ್ಮಾಕ್ಕೆ ಆ ಭಯವಿಲ್ಲ, ಅದು ಆಗಲೇ ಒಡೆದು ಹೋದ ವಸ್ತು. 1979ರಲ್ಲಿ ಭೌತವಿಜ್ಞಾನಿಗಳಾದ ತಜೀಮಾ ಮತ್ತು ಡಾಸನ್ ಕಂಡ ದಾರಿ ಇದೇ. ಎಂಥ ಧೈರ್ಯದ ಊಹೆ! ಅದಕ್ಕೆ ತಕ್ಕ ಲೇಸರ್ ಆಗ ಇರಲೇ ಇಲ್ಲ; 1985ರಲ್ಲಿ ಸ್ಟ್ರಿಕ್‌ಲ್ಯಾಂಡ್ ಮತ್ತು ಮುರೂ ಅದರ ಬಾಗಿಲು ತೆರೆದರು.

ಕೊನೆಯ ಗಂಡಾಂತರ ಗೆಲುವಿನಲ್ಲೇ ಅಡಗಿದೆ. ಪ್ಲಾಸ್ಮಾದಲ್ಲಿ ಬೆಳಕು ತುಸು ನಿಧಾನ. ಎಲೆಕ್ಟ್ರಾನ್ ಅಲೆಯನ್ನೂ ಮೀರಿ ಮುಂದಾದರೆ ಅದೇ ಅಲೆ ಹಿಂದಕ್ಕೆ ಜಗ್ಗಿ ಗಳಿಸಿದ್ದನ್ನೆಲ್ಲ ಕಿತ್ತುಕೊಳ್ಳುತ್ತದೆ. ಅಷ್ಟರೊಳಗೆ ಸುರಂಗ ಮುಗಿಯಬೇಕು. ಮುಗಿಯಿತು! ಇಡೀ ಓಟ ಸೆಕೆಂಡಿನ 150 ಕೋಟಿಯಲ್ಲೊಂದು ಪಾಲು. ಹೊರಗೆ ಕಸುವು ಅಳೆಯಲು ಅಯಸ್ಕಾಂತ ಕಾದಿದೆ: ಎಲೆಕ್ಟ್ರಾನಿನ ದಾರಿ ಕಡಿಮೆ ಬಾಗಿದಷ್ಟೂ ಕಸುವು ಹೆಚ್ಚು. 780 ಕೋಟಿ!

ಬರ್ಕ್ಲಿಯ ದೈತ್ಯ ಲೇಸರ್ ನವುಲೆಗೆ ಬರಲಿ ಎಂದು ನಾನು ಕೇಳುತ್ತಿಲ್ಲ. ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 15 ಮೈಕ್ರಾನಿನ ಮೆಥನಾಲ್ ಹನಿಗೆ ಸಣ್ಣ ಲೇಸರಿನಿಂದ ಎರಡು ಪೆಟ್ಟು ಕೊಟ್ಟರು. ಮೊದಲನೆಯದಕ್ಕೆ ಹನಿ ಬಟ್ಟಲಾಯಿತು, ಎರಡನೆಯದು ಅಲೆ ಎಬ್ಬಿಸಿತು, ಎಲೆಕ್ಟ್ರಾನುಗಳು 10 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಮಟ್ಟಕ್ಕೆ ಚಿಮ್ಮಿದವು. ಅಂಥ ಲೇಸರಿಗೆ ನಮ್ಮ ಕಾಲೇಜಿನಲ್ಲಿ ಒಂದು ಕೋಣೆ ಸಾಕು.