ನಕ್ಷೆಯ ಮೇಲಿನ ಕೆಂಪು

ತುಂಬಾ ದಿನವಾಯಿತು ಈ ಕಡೆ ತಲೆ ಹಾಕಿ. ಒಂದು ರಿಲೀಸ್, ಅದು ಮುಗಿದರೆ ಇನ್ನೊಂದು ರಿಲೀಸ್... ಸಾಫ್ಟ್‌ವೇರಿನವರ ಕಥೆ ನಿಮಗೆ ಗೊತ್ತೇ ಇದೆ. ಆದರೆ ಈ ಸಲದ ಕೆಲಸ ಮುಗಿದ ಮೇಲೂ ತಲೆಯಿಂದ ಇಳೀತಾ ಇಲ್ಲ. ಇಲ್ಲಾದರೂ ಇಳಿಸೋಣ ಅಂತ ಕೂತಿದ್ದೀನಿ.

ಕೆಲಸ ಏನಪ್ಪಾ ಅಂದ್ರೆ, ಅಮೆರಿಕದ ಒಂದು ವಿಮೆ ಕಂಪನಿಗೆ ನಕ್ಷೆ ಮಾಡಿಕೊಡುವುದು. ಅಲ್ಲಿ ರಾಜ್ಯಗಳ ಒಳಗೆ ಕೌಂಟಿಗಳಿವೆ, ನಮ್ಮ ಜಿಲ್ಲೆಗಳ ಹಾಗೆ. ಒಟ್ಟು ಮೂರು ಸಾವಿರಕ್ಕೂ ಹೆಚ್ಚು. ಒಂದೊಂದು ಕೌಂಟಿಯಲ್ಲೂ ಲಕ್ಷ ಜನರಿಗೆ ಎಷ್ಟು ಜನ ಕ್ಯಾನ್ಸರಿನಿಂದ ಸತ್ತರು ಅನ್ನುವ ಲೆಕ್ಕಕ್ಕೆ ಬಣ್ಣ ತುಂಬಬೇಕು. ಕಡಿಮೆ ಇದ್ದರೆ ನೀಲಿ, ಜಾಸ್ತಿ ಇದ್ದರೆ ಕೆಂಪು. (ವಯಸ್ಸಾದವರು ಹೆಚ್ಚಿರುವ ಊರಿನಲ್ಲಿ ಸಾವೂ ಹೆಚ್ಚಿರುತ್ತಲ್ಲ, ಆ ವ್ಯತ್ಯಾಸವನ್ನು ಮೊದಲೇ ಲೆಕ್ಕದಲ್ಲಿ ಸರಿದೂಗಿಸಿರುತ್ತಾರೆ.) ಕೆಳಗೆ ವರ್ಷದ ಸ್ಲೈಡರ್. ಅದನ್ನು ಎಳೆದರೆ ಬಣ್ಣ ಬದಲಾಗಬೇಕು. ಇಷ್ಟೇ.

ಇಡೀ ದೇಶದ ಲೆಕ್ಕ ನೋಡಿದರೆ ಖುಷಿಯಾಗುತ್ತದೆ. 1991ರಲ್ಲಿ ಲಕ್ಷಕ್ಕೆ ಸುಮಾರು 215 ಇದ್ದ ಸಾವು 2022ರ ಹೊತ್ತಿಗೆ ಮೂರನೇ ಒಂದು ಭಾಗದಷ್ಟು ಇಳಿದಿದೆ. ಆದರೆ ಸರಾಸರಿ ಅನ್ನುವುದು ಎಂಥಾ ಮೋಸಗಾರ ಅಂತ ನಕ್ಷೆ ನೋಡಿದ ಮೇಲೇ ಗೊತ್ತಾಗೋದು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದವರು ತಮ್ಮದೇ ವಿಧಾನದಲ್ಲಿ 1980ರಿಂದ 2014ರವರೆಗೆ ಕೌಂಟಿವಾರು ಲೆಕ್ಕ ಹಾಕಿದ್ದರು. 2014ರಲ್ಲಿ ಕೊಲೊರಾಡೋದ ಸಮಿಟ್ ಕೌಂಟಿಯಲ್ಲಿ ಲಕ್ಷಕ್ಕೆ 70.7, ಫ್ಲಾರಿಡಾದ ಯೂನಿಯನ್ ಕೌಂಟಿಯಲ್ಲಿ 503.1. ಒಂದೇ ದೇಶ, ಒಂದೇ ವರ್ಷ, ಏಳು ಪಟ್ಟು ವ್ಯತ್ಯಾಸ!

ನಮ್ಮ ಟೆಸ್ಟಿಂಗ್ ಹುಡುಗಿ ಯೂನಿಯನ್ ಕೌಂಟಿಯ ಮೇಲೆ ಬಗ್ ಹಾಕಿಬಿಟ್ಟಳು, "ಡೇಟಾ ತಪ್ಪಿದೆ" ಅಂತ. ಡೇಟಾ ಸರಿಯಾಗೇ ಇತ್ತು. ಆ ಪುಟ್ಟ ಕೌಂಟಿಯಲ್ಲಿ ಜೈಲು ಇಲಾಖೆಯ ಆಸ್ಪತ್ರೆ ಇದೆ. ರಾಜ್ಯದ ಬೇರೆ ಬೇರೆ ಜೈಲುಗಳಿಂದ ಕಾಯಿಲೆಯ ಕೈದಿಗಳನ್ನು ಅಲ್ಲಿಗೆ ಕಳಿಸುತ್ತಾರೆ. ಊರಿನ ನೀರಲ್ಲಿ ವಿಷ ಇದೆಯೇನೋ ಅಂದುಕೊಳ್ಳುವಷ್ಟು ಕೆಂಪು, ಹಿಂದಿರುವುದು ಒಂದು ಜೈಲಾಸ್ಪತ್ರೆ. ಇನ್ನು ಸಮಿಟ್ ಕೌಂಟಿ ಅನುಕೂಲಸ್ಥರು ಸ್ಕೀಯಿಂಗಿಗೆ ಹೋಗುವ ಬೆಟ್ಟದೂರು. ಬಣ್ಣ ನೋಡಿದ ತಕ್ಷಣ ಜಾಗಕ್ಕೆ ತೀರ್ಪು ಕೊಡಬಾರದು ಅಂತ ಅವತ್ತು ಗೊತ್ತಾಯಿತು.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ದೊಡ್ಡಕರುಳಿನ ಕ್ಯಾನ್ಸರಿನ ನಕ್ಷೆ. 1970ರ ದಶಕದ ಶುರುವಿನಲ್ಲಿ ಕೆಂಪು ಇದ್ದದ್ದು ಈಶಾನ್ಯದ ಶ್ರೀಮಂತ ರಾಜ್ಯಗಳಲ್ಲಿ. ಮಿಸಿಸಿಪ್ಪಿ ನದಿಯ ಕೆಳಭಾಗದ ಬಡ ಕೌಂಟಿಗಳು ತಣ್ಣಗೆ ನೀಲಿ, ಉಳಿದ ಕಡೆಗಿಂತ ಶೇ 18ರಷ್ಟು ಕಡಿಮೆ ಸಾವು. ಸ್ಲೈಡರ್ ಎಳೆಯುತ್ತಾ ಹೋದರೆ ನಕ್ಷೆ ನಿಧಾನಕ್ಕೆ ಮಗುಚಿಕೊಳ್ಳುತ್ತದೆ. 2009-11ರ ಹೊತ್ತಿಗೆ ಅದೇ ಬಡ ಕೌಂಟಿಗಳಲ್ಲಿ ಉಳಿದ ಕಡೆಗಿಂತ ಶೇ 40ರಷ್ಟು ಹೆಚ್ಚು ಸಾವು. ಆಗಿದ್ದೇನು? ಕರುಳಿನೊಳಗೆ ಕ್ಯಾಮೆರಾ ಬಿಟ್ಟು, ಗಂಟು ಕ್ಯಾನ್ಸರ್ ಆಗುವ ಮೊದಲೇ ಕತ್ತರಿಸಿ ತೆಗೆಯುವ ಪರೀಕ್ಷೆ ಬಂತು. ದುಡ್ಡು, ವಿಮೆ, ಹತ್ತಿರದಲ್ಲೇ ಡಾಕ್ಟರು ಇದ್ದವರಿಗೆ ಅದು ಮೊದಲು ಸಿಕ್ಕಿತು. ಬಡವರ ಕಡೆಗೆ ಸಿಗರೇಟು, ಬೊಜ್ಜು, ಕೆಟ್ಟ ಊಟ ಎಲ್ಲ ಬೇಗ ಬಂದವು, ಪರೀಕ್ಷೆ ಮಾತ್ರ ತಡವಾಗಿ ಬಂತು.

ಕ್ಲೈಂಟ್ ಕಡೆಯ ಮ್ಯಾನೇಜರ್ ಪೂರ್ವ ಕೆಂಟಕಿಯವರು. ಡೆಮೋದಲ್ಲಿ ಶ್ವಾಸಕೋಶದ ಕ್ಯಾನ್ಸರಿನ ನಕ್ಷೆ ತೆರೆದಾಗ ಕಡುಗೆಂಪಿನ ಒಂದು ಚುಕ್ಕೆಯ ಮೇಲೆ ಮೌಸ್ ನಿಲ್ಲಿಸಿ, "ಇದು ನಮ್ಮೂರು. ನಮ್ಮಪ್ಪ ತಂಬಾಕು ಬೆಳೀತಿದ್ರು" ಅಂದರು. ಆಮೇಲೆ ಸ್ವಲ್ಪ ಹೊತ್ತು ಕಾಲ್‌ನಲ್ಲಿ ಯಾರೂ ಮಾತಾಡಲಿಲ್ಲ. ಕೆಂಟಕಿಯಲ್ಲಿ ಒಂದು ಪ್ಯಾಕ್ ಸಿಗರೇಟಿನ ಮೇಲಿನ ರಾಜ್ಯ ತೆರಿಗೆ 2005ರವರೆಗೂ ಬರೀ 3 ಸೆಂಟ್ ಇತ್ತು. ನ್ಯೂಯಾರ್ಕ್ ರಾಜ್ಯ 2002ರಲ್ಲೇ ಒಂದೂವರೆ ಡಾಲರ್ ಮಾಡಿತ್ತು. ಇವತ್ತು ಸೇದಿದ ಸಿಗರೇಟು ನಕ್ಷೆಯ ಮೇಲೆ ಕೆಂಪಾಗಲು ಇಪ್ಪತ್ತು ಮೂವತ್ತು ವರ್ಷ ಬೇಕು. ಅಂದರೆ ನಾವು ನೋಡುವ ನಕ್ಷೆ ಇವತ್ತಿನದಲ್ಲ, ಅದೊಂದು ಹಳೇ ಫೋಟೋ.

ಹಾಗಂತ ಹಣೆಬರಹವೂ ಅಲ್ಲ. ಅದೇ ಕೆಂಟಕಿಯಲ್ಲಿ 1999ರಲ್ಲಿ ಕರುಳಿನ ಪರೀಕ್ಷೆ ಮಾಡಿಸಿಕೊಂಡಿದ್ದವರು ಶೇ 34.7 ಮಾತ್ರ. ರಾಜ್ಯಗಳ ಪಟ್ಟಿಯಲ್ಲಿ ಹೆಚ್ಚೂಕಮ್ಮಿ ಕೊನೆ. ಹಟಕ್ಕೆ ಬಿದ್ದು ಜಿಲ್ಲೆ ಜಿಲ್ಲೆಗೂ ಕೆಲಸ ಮಾಡಿದರು. 2008ಕ್ಕೆ ಶೇ 63.7. ಸಾವೂ ಇಳಿಯಿತು. ಬಡತನ ಹೋಗಿರಲಿಲ್ಲ, ಪರೀಕ್ಷೆ ಮನೆ ಹತ್ತಿರ ಬಂದಿತ್ತು ಅಷ್ಟೇ.

ಇಂಥ ನಕ್ಷೆಗಳಿಗೊಬ್ಬ ಹಿರಿಯಣ್ಣ ಇದ್ದಾನೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1975ರಲ್ಲಿ ತಂದ ಅಟ್ಲಾಸ್, 1950ರಿಂದ 69ರವರೆಗಿನ ಸಾವುಗಳದ್ದು. ಅದರಲ್ಲಿ ದಕ್ಷಿಣದ ರಾಜ್ಯಗಳ ಹೆಂಗಸರಲ್ಲಿ ಬಾಯಿ ಕ್ಯಾನ್ಸರ್ ಎದ್ದು ಕಾಣುತ್ತಿತ್ತು. ಯಾಕೆ ಅಂತ ಉತ್ತರ ಕೆರೊಲಿನಾದಲ್ಲಿ ಹುಡುಕಿಕೊಂಡು ಹೋದರು. ಸಿಕ್ಕ ಉತ್ತರ 1981ರಲ್ಲಿ ಪ್ರಕಟವಾಯಿತು: ನಶ್ಯ. ಮೂಗಿಗೆ ಏರಿಸುವುದಲ್ಲ, ಒಸಡು ಮತ್ತು ಕೆನ್ನೆಯ ನಡುವೆ ಒತ್ತಿಟ್ಟುಕೊಳ್ಳುವುದು. ವರ್ಷಗಟ್ಟಲೆ ಹಾಗೆ ಮಾಡಿದವರಲ್ಲಿ ಕೆನ್ನೆ ಮತ್ತು ಒಸಡಿನ ಕ್ಯಾನ್ಸರಿನ ಅಪಾಯ ಸುಮಾರು ಐವತ್ತು ಪಟ್ಟು.

ಓದುತ್ತಾ ಓದುತ್ತಾ ದೊಡ್ಡಮ್ಮನ ಎಲೆಅಡಿಕೆ ಸಂಚಿ ಕಣ್ಮುಂದೆ ಬಂತು. ಹೊಗೆಸೊಪ್ಪನ್ನು ಸುಣ್ಣದ ಜೊತೆ ತಿಕ್ಕಿ ಎಡಗೆನ್ನೆಗೆ ಒತ್ತಿಟ್ಟುಕೊಂಡೇ ಮಲಗುತ್ತಿದ್ದರು. ಅದೇ ಕೆನ್ನೆಯಲ್ಲಿ ಹುಣ್ಣಾಯಿತು. "ಸುಣ್ಣ ಜಾಸ್ತಿಯಾಗಿ ಬಾಯಿ ಸುಟ್ಟಿದೆ" ಅಂತ ತುಪ್ಪ ಹಚ್ಚಿಕೊಂಡು ತಿಂಗಳುಗಳೇ ಕಳೆದವು. ಬೆಂಗಳೂರಿಗೆ ಕರೆತರುವ ಹೊತ್ತಿಗೆ ಅನ್ನ ನುಂಗಲು ಆಗುತ್ತಿರಲಿಲ್ಲ. ಹೋಗಿದ್ದು ಊರಲ್ಲೇ, ಮನೆಯಲ್ಲೇ. ಪಂಚಾಯಿತಿಯಲ್ಲಿ ಹೆಸರು, ತಾರೀಖು ಬರೆದುಕೊಂಡರು. ಯಾವ ಡಾಕ್ಟರೂ ಕಾರಣ ಬರೆದುಕೊಟ್ಟಿಲ್ಲ. ದೊಡ್ಡಮ್ಮ ಯಾವ ನಕ್ಷೆಯಲ್ಲೂ ಒಂದು ಚುಕ್ಕೆಯಾಗಿಲ್ಲ.

ಅವರೊಬ್ಬರ ಕಥೆಯಲ್ಲ ಇದು. 2020ರಲ್ಲಿ ನಮ್ಮ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ಶೇ 22.5ಕ್ಕೆ ಮಾತ್ರ. ಅದಕ್ಕೇ ಇಲ್ಲಿ ಸಂಶೋಧಕರು ಬೇರೆ ದಾರಿ ಹಿಡಿದರು. ಸಾವಾದ ಮನೆಗಳಿಗೇ ಹೋಗಿ, ಏನಾಗಿತ್ತು, ಹೇಗಾಯಿತು ಅಂತ ಮನೆಯವರನ್ನು ಕೇಳಿ ಬರೆದುಕೊಂಡು, ಅದನ್ನು ಡಾಕ್ಟರುಗಳಿಗೆ ತೋರಿಸಿ ಕಾರಣ ಗುರುತಿಸಿದರು. ಆ ಲೆಕ್ಕದಲ್ಲಿ 2010ರಲ್ಲಿ ಭಾರತದಲ್ಲಿ ಕ್ಯಾನ್ಸರಿಗೆ ಸತ್ತವರು ಸುಮಾರು 5,56,400. ಈಶಾನ್ಯ ರಾಜ್ಯಗಳ 30 ವರ್ಷದ ಗಂಡಸು 70 ತುಂಬುವುದರೊಳಗೆ ಕ್ಯಾನ್ಸರಿನಿಂದ ಸಾಯುವ ಸಾಧ್ಯತೆ ಶೇ 11.2. ಬಿಹಾರ, ಜಾರ್ಖಂಡ್, ಒಡಿಶಾದಲ್ಲಿ ಶೇ 3ಕ್ಕೂ ಕಡಿಮೆ. ಬಿಹಾರದವರು ನಿಶ್ಚಿಂತೆಯಾಗಿರಬಹುದು ಅನ್ನಿಸುತ್ತಾ? ಮಿಸಿಸಿಪ್ಪಿಯೂ ಒಂದು ಕಾಲಕ್ಕೆ ನೀಲಿಯೇ ಇತ್ತು.

ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಅಂತ ಬಂತು. ಅಂಗಡಿಯವನು ಬೆರೆಸುವುದಿಲ್ಲ, ಕೊಂಡವರು ಅಂಗೈಯಲ್ಲೇ ಬೆರೆಸಿಕೊಳ್ಳುತ್ತಾರೆ. ಆ ಬೆರಕೆಯ ಬಣ್ಣ ನಮ್ಮ ನಕ್ಷೆಯಲ್ಲಿ ಮೂಡುವುದು 2040ರ ಸುಮಾರಿಗೆ.

ದೊಡ್ಡಮ್ಮನ ಮಗ, ನಮ್ಮಣ್ಣ, ದಿನಕ್ಕೆ ಹತ್ತು ಜೋಡಿ ಹಾಕುತ್ತಾನೆ. ಇತ್ತೀಚೆಗೆ ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲವಂತೆ, ಖಾರ ತಿಂದರೆ ಉರಿಯುತ್ತದಂತೆ. ಮೊನ್ನೆ ಫೋನಿನಲ್ಲಿ, "ಅಣ್ಣಾ, ಶನಿವಾರ ಬರ್ತೀನಿ, ಒಂದ್ಸಲ ಹಲ್ಲಿನ ಡಾಕ್ಟರಿಗೆ ಬಾಯಿ ತೋರಿಸ್ಕೊಂಡು ಬರೋಣ" ಅಂದೆ. "ನೀನು ಬಾರೋ ಮೊದ್ಲು, ನೋಡೋಣ" ಅಂದ. ಬರ್ತೀನಿ ಅಂದಿಲ್ಲ, ಬರಲ್ಲ ಅಂತಲೂ ಅಂದಿಲ್ಲ. ಟಿಕೆಟ್ ಅಂತೂ ಬುಕ್ ಮಾಡಿದ್ದೀನಿ.

ನಿಮ್ಮ ಮನೆಗಳಲ್ಲೂ ಇಂಥದೊಂದು ಸಂಚಿಯೋ ಪಾಕೀಟೋ ಇದ್ದೇ ಇರುತ್ತದೆ. ಬಿಡಿಸಿದವರು ಯಾರಾದರೂ ಇದ್ದರೆ ಹೇಗೆ ಬಿಡಿಸಿದಿರಿ ಅಂತ ಹೇಳಿ. ಶನಿವಾರಕ್ಕೆ ಮುಂಚೆ ಹೇಳಿದರೆ ಇನ್ನೂ ಒಳ್ಳೇದು.