ಆಸೆ, ಕೃತ್ಯ ಮತ್ತು ಕರುಣೆ

ಕಾಮವಿಕೃತಿ ಎಂಬ ಮಾತು ಬಂದೊಡನೆ ನಮ್ಮ ಮನೆಗಳಲ್ಲಿ ಮೌನ ಕವಿಯುತ್ತದೆ. ನಾನು ಬೆಳೆದ ಮನೆಯೂ ಅಂಥದೇ. ಮನೋವೈದ್ಯಶಾಸ್ತ್ರವನ್ನು ಓದಿದ ಮೇಲೆ ನನಗೆ ಒಂದು ಭೇದ ತಿಳಿಯಿತು. ಅಮೆರಿಕದ ಮನೋವೈದ್ಯ ಸಂಘದ 2013ರ ಕೈಪಿಡಿಯಂತೆ ಅಸಾಮಾನ್ಯ ಕಾಮಾಸಕ್ತಿಯೆಲ್ಲ ಕಾಯಿಲೆಯಲ್ಲ. ಅದು ವ್ಯಕ್ತಿಯನ್ನು ನರಳಿಸಿದಾಗ, ಇಲ್ಲವೆ ಪರರಿಗೆ ಹಾನಿಯನ್ನೋ ಹಾನಿಯ ಭಯವನ್ನೋ ತಂದಾಗ ಕಾಯಿಲೆಯಾಗುತ್ತದೆ. ಅಂಥ ಆಸೆಯನ್ನು ಯಾರೂ ಬೇಕೆಂದು ಆರಿಸಿಕೊಳ್ಳುವುದಿಲ್ಲ. ಕೃತ್ಯಕ್ಕೆ ಮಾತ್ರ ಕರ್ತೃವೇ ಹೊಣೆ. ಭಾವವನ್ನು ತಿದ್ದಿದರೆ ದ್ರವ್ಯಹಿಂಸೆ ತಪ್ಪೀತೆಂದು ಬಲ್ಲ ನಾವು, ಕೃತ್ಯಕ್ಕೆ ಮುನ್ನವೇ ನೆರವು ಬೇಡುವವನನ್ನು ಹೀಗಳೆಯದೆ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು. ಆಪ್ತ ಸಮಾಲೋಚನೆ, ಅಗತ್ಯವಿದ್ದಲ್ಲಿ ಔಷಧ, ನಿಗ್ರಹಕ್ಕೆ ಆಸರೆಯಾಗಬಲ್ಲವು. ಆದರೆ ಮಗುವಿನ ಮೇಲೆ ಕೃತ್ಯ ನಡೆದಿದ್ದರೆ ಮನೆತನದ ಮಾನಕ್ಕಾಗಿ ಮುಚ್ಚಿಡುವುದು ಕರುಣೆಯಲ್ಲ. 2012ರ ಪೋಕ್ಸೊ ಕಾಯಿದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ನೊಂದ ಜೀವದ ರಕ್ಷಣೆಯೇ ಇಲ್ಲಿ ಮೊದಲ ಅಹಿಂಸೆ.