ಶಿರಾ ಪಟ್ಟಣದ ಸಂದರ್ಶನ

ಮಧುಗಿರಿ, ಕೊರಟಗೆರೆ, ಪಾವಗಡಗಳ ಕಡೆಯ ವಾಚಕರಿಗೆ ಕೋಟೆಯೆಂಬುದು ಹೊಸ ಸಂಗತಿಯಲ್ಲ. ಮಧುಗಿರಿಯವರಂತೂ ಬೆಳಗಾಗೆದ್ದು ಆ ಏಕಶಿಲೆಯ ಬೆಟ್ಟದ ಮುಖವನ್ನೇ ನೋಡುವವರು. ಆದಕಾರಣ ಬಯಲಿನಲ್ಲಿರುವ ಶಿರಾವನ್ನು ನೋಡಲು ನಾವು ಐವರು ಹಳೆಯ ವಿದ್ಯಾರ್ಥಿನಿಯರು ಹೊರಟಾಗ ಮನೆಯವರು ನಕ್ಕರು. "ಅಲ್ಲಿ ಬಸ್ಸು ಬದಲಾಯಿಸಬಹುದು, ನೋಡುವುದೇನಿದೆ?" ಎಂದರು.

ನೋಡುವುದು ಉಂಟು. ರತ್ನಗಿರಿಯ ಪಾಳೆಯಗಾರನಾದ ರಂಗಪ್ಪನಾಯಕನು ಇಲ್ಲಿ ಕೋಟೆಯನ್ನು ಕಟ್ಟಲಾರಂಭಿಸಿದನು. ಅದು ಮುಗಿಯುವ ಮುನ್ನವೇ ಬಿಜಾಪುರದ ಸೇನಾನಿ ರಣದುಲ್ಲಾಖಾನನು 1638ರಲ್ಲಿ ಊರನ್ನು ವಶಪಡಿಸಿಕೊಂಡನು. ಬಿಜಾಪುರದ ಅಧಿಕಾರಿಯಾದ ಮಲಿಕ್ ರಿಹಾನನು 1651ರಲ್ಲಿ ಇಲ್ಲಿಯೇ ತೀರಿಕೊಂಡನು. ಅವನ ಗೋರಿಯ ಗುಮ್ಮಟದ ಕೆಳಗೆ ನಿಂತರೆ ಹೊರಗಿನ ಬಿಸಿಲಿನ ನೆನಪೇ ಆಗದು. 1687ರಲ್ಲಿ ಮೊಗಲರು ಬಂದು, ಪೆನುಗೊಂಡೆ, ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರಗಳೂ ಸೇರಿ ಏಳು ಪರಗಣೆಗಳ ಸುಭಾಕ್ಕೆ ಶಿರಾವನ್ನು ರಾಜಧಾನಿಯಾಗಿ ಮಾಡಿದರು. ಕೆತ್ತಿದ ಕಲ್ಲಿನ ಜುಮ್ಮಾ ಮಸೀದಿಯು 1696ರದು. ನಾವು ಹೋದಾಗ ಅಲ್ಲಿದ್ದ ವೃದ್ಧರೊಬ್ಬರು, "ಬನ್ನಿ ತಾಯಂದಿರಾ, ನೆರಳಿನಲ್ಲಿ ಕೂರಿ" ಎಂದು ಕರೆದು, ಕೇಳುವ ಮೊದಲೇ ನೀರು ಕೊಟ್ಟರು.

ದಿಲಾವರಖಾನನ ಆಳಿಕೆಯಲ್ಲಿ ಊರು ಉಚ್ಛ್ರಾಯಕ್ಕೆ ಬಂದಿತು. ಐವತ್ತು ಸಾವಿರ ಮನೆಗಳಿದ್ದುವೆಂದು ರೈಸ್ ಸಾಹೇಬರ ಗೆಜೆಟಿಯರು ಹೇಳುತ್ತದೆ. ಎಣಿಸಿದವರಾರೋ! ಅವನು ಕಟ್ಟಿಸಿದ ಅರಮನೆಯೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿಯಾಯಿತಂತೆ. 1791ರಲ್ಲಿ ಮುಗಿದ ಬೆಂಗಳೂರಿನ ಅರಮನೆಯ ಮರದ ಕಂಬಗಳನ್ನು ಇಂದಿಗೂ ಜನರು ಟಿಕೀಟು ಕೊಂಡು ನೋಡುತ್ತಾರೆ. ಮಾದರಿಯಾದ ಅರಮನೆಯನ್ನು ಮಾತ್ರ ಇಲ್ಲಿ ಕಲ್ಪಿಸಿಕೊಳ್ಳಬೇಕಷ್ಟೆ.

1757ರಲ್ಲಿ ಮರಾಠರು, 1761ರಲ್ಲಿ ಹೈದರಾಲಿ, 1766ರಲ್ಲಿ ಪುನಃ ಮರಾಠರು, 1774ರಲ್ಲಿ ಟಿಪ್ಪು, ಹೀಗೆ ಊರು ಕೈಯಿಂದ ಕೈಗೆ ಹೋಯಿತು. ಆದರೆ ನಮ್ಮಲ್ಲೊಬ್ಬ ಅಕ್ಕನು ಬಂದುದು ಈ ಯುದ್ಧಗಳ ಕತೆಗಾಗಿಯಲ್ಲ. ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಬಳಿಯ ತನ್ನ ಹೊಸ ಪೇಟೆಯಾದ ಗಂಜಾಮನ್ನು ತುಂಬಿಸಲು ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ಅದೇ ಗೆಜೆಟಿಯರು ಹೇಳುತ್ತದೆ. ಅಕ್ಕನ ತಾಯಿಯ ತವರು ಗಂಜಾಂ. "ನಾವು ಮೂಲತಃ ಶಿರಾದವರು" ಎಂಬ ಒಂದೇ ಮಾತು ಅವರ ಮನೆಯಲ್ಲಿ ಉಳಿದುಬಂದಿದೆ. ಯಾವ ಬೀದಿ, ಯಾವ ಕಸುಬು, ಏನನ್ನು ಬಿಟ್ಟುಹೋದರು ಎಂಬುದೊಂದೂ ಇಲ್ಲ.

ಬಾಲ್ಟಿಕ್ ಸಮುದ್ರತೀರದ ಗ್ಡಾನ್ಸ್ಕ್ ಎಂಬ ಪುರಾತನ ರೇವುಪಟ್ಟಣದ ಕತೆಯನ್ನು ನಾವು ಆಗ ನೆನೆದೆವು. 1945ರಲ್ಲಿ ಅದು ಸುಟ್ಟು ನೆಲಸಮವಾಯಿತು. ತಲೆಮಾರುಗಳಿಂದಿದ್ದ ಜರ್ಮನರಲ್ಲಿ ಬಹುಮಂದಿ ಹೊರದೂಡಲ್ಪಟ್ಟರು. ಪೋಲೆಂಡಿನ ಜನರು ಬಂದು ನೆಲೆಸಿ, ಹಳೆಯ ಮನೆಗಳ ಮುಂಭಾಗಗಳನ್ನು ಹಳೆಯ ಅಂದದಲ್ಲಿಯೇ ಪುನಃ ಕಟ್ಟಿದರು. ಅಲ್ಲಿ ಊರು ಹೋಗಿ ಮರಳಿ ಬಂದಿತು, ಹಳೆಯ ಜನರು ಬರಲಿಲ್ಲ. ಇಲ್ಲಿ ಮಸೀದಿಯೂ ಗೋರಿಯೂ ಅಲುಗದೆ ನಿಂತಿವೆ. ನಡುವೆ ಇದ್ದ ಮನೆಗಳಿಗೆ ಗುರುತೇ ಇಲ್ಲ. ಅರಸರಿಗೆ ಕಲ್ಲು, ಪ್ರಜೆಗಳಿಗೆ ಮಣ್ಣುಗೋಡೆ ಎಂಬುದು ನಮ್ಮ ನಾಡಿನ ಕ್ರಮವಾಗಿದ್ದುದರಿಂದ ಇದರಲ್ಲಿ ವಿಶೇಷವೇನೂ ಇಲ್ಲವೆಂದು ಹೇಳಬಹುದು. ಅಕ್ಕನ ಮುಖವನ್ನು ನೋಡುತ್ತ ಹಾಗೆ ಹೇಳಲು ನಮಗೆ ಮನಸ್ಸಾಗಲಿಲ್ಲ.

ಅವಳು ಆ ವೃದ್ಧರನ್ನು, "ಅಜ್ಜ, ಗಂಜಾಮಿಗೆ ಹೋದವರ ಬೀದಿ ಎಂದೇನಾದರೂ ಇದೆಯೇ?" ಎಂದು ಕೇಳಿದಳು. ಅವರು ಬಹಳ ಹೊತ್ತು ಯೋಚಿಸಿ, "ಹೋದವರ ಬೀದಿಯಲ್ಲಿ ಈಗ ನಾವಿದ್ದೇವಲ್ಲಮ್ಮ" ಎಂದರು. ಬಳಿಕ ಅವಳ ತಾಯಿಯ ಹೆಸರನ್ನು ಕೇಳಿ ತಿಳಿದುಕೊಂಡು, ಎರಡು ಸಲ ಉಚ್ಚರಿಸಿ ಬಾಯಿಪಾಠ ಮಾಡಿಕೊಂಡರು.